ತಲೆಗೆ ಮ್ಯಾಗ್ನೆಟ್ ಹಿಡಿದರೆ ಸಿಗರೇಟು ಬಿಡಬಹುದಾ?

ಪ್ರಶ್ನೆ: ನನಗೆ 38 ವರ್ಷ, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತೇನೆ. ಭಾನುವಾರ ಅಪ್ಪ ಅಮ್ಮನ ಮನೆಯಲ್ಲಿ ಇಡೀ ದಿನ ಸೇದದೆ ಇರುತ್ತೇನೆ, ಅಷ್ಟೇನೂ ಕಷ್ಟ ಆಗುವುದಿಲ್ಲ. ಸೋಮವಾರ ಆಫೀಸಿನ ಎದುರಿನ ಟೀ ಅಂಗಡಿ ಕಂಡರೆ ಮುಗೀತು. ತಲೆಗೆ ಮ್ಯಾಗ್ನೆಟ್ ಹಿಡಿದು ಚಟ ಬಿಡಿಸುತ್ತೇವೆ ಎಂಬ ಜಾಹೀರಾತು ನೋಡಿದೆ. ಇದು ಕರೆಂಟ್ ಕೊಡುವ ಚಿಕಿತ್ಸೆಯಾ? ನನಗೆ ಇಲ್ಲದ ಮನಸ್ಸಿನ ಹಿಡಿತವನ್ನು ಮಶಿನ್ ಕೊಡುತ್ತದಾ?

ಉತ್ತರ: ಮನಸ್ಸಿನ ಹಿಡಿತ ಇಲ್ಲದವರು ಭಾನುವಾರವಿಡೀ ಹೇಗೆ ಸುಮ್ನಿರುತ್ತಾರೆ ಹೇಳಿ? ನಿಮ್ಮ ತಲೆ ಎರಡೂ ದಿನ ಒಂದೇ. ಬದಲಾಗುವುದು ಸಿಗರೇಟು ಎಷ್ಟು ಹತ್ತಿರ ಇದೆ ಎಂಬುದು.

ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಇದನ್ನೇ ನೋಡಿದರು. ಆ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಸೇದುವವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಬೇರೆಯವರು ಸೇದುವ ವಿಡಿಯೊ ತೋರಿಸಿದರು. 'ಇದು ಮುಗಿದ ತಕ್ಷಣ ಸೇದಬಹುದು' ಎಂದು ಹೇಳಿದ ದಿನ ತುಡಿತ ಜಾಸ್ತಿ. 'ಬಹಳ ಹೊತ್ತು ಕಾಯಬೇಕು' ಎಂದ ದಿನ ಕಡಿಮೆ. ಆಮೇಲೆ, ಹಣೆಯ ಹಿಂದೆ ಎಡಭಾಗದಲ್ಲಿರುವ ಮೆದುಳಿನ ಒಂದು ಜಾಗವನ್ನು ಮ್ಯಾಗ್ನೆಟ್‌ನಿಂದ ಸ್ವಲ್ಪ ಹೊತ್ತು ಮಂಕಾಗಿಸಿದರು. ಆಗ ಈ ವ್ಯತ್ಯಾಸವೇ ಕುಗ್ಗಿತು. ಸಣ್ಣ ಪ್ರಯೋಗ ನಿಜ, ಆದರೆ ನನಗೆ ಬಹಳ ಇಷ್ಟವಾದದ್ದು. ಆ ಜಾಗವನ್ನು ಎಲ್ಲರೂ 'ಬ್ರೇಕ್' ಎಂದೇ ಕರೆಯುತ್ತಾರೆ. ಬರೀ ಬ್ರೇಕ್ ಆಗಿದ್ದರೆ, ಮಂಕಾದಾಗ ತುಡಿತ ಏರಬೇಕಿತ್ತು ಅಲ್ವಾ? ಕೈಗೆ ಸಿಗುತ್ತದಾ, ಯಾವಾಗ ಸಿಗುತ್ತದೆ ಎಂದು ಲೆಕ್ಕ ಹಾಕಿ ಆಸೆಗೆ ಬೆಲೆ ಕಟ್ಟುವ ಕೆಲಸವೂ ಅದರದ್ದೇ. ಟೀ ಅಂಗಡಿಯಲ್ಲಿ ಒಂದೊಂದೇ ಬಿಡಿ ಸಿಗರೇಟು ಸಿಗುವ ಊರಿನಲ್ಲಿ ಆ ಲೆಕ್ಕ ಯಾವತ್ತೂ 'ಈಗಲೇ' ಎಂದೇ ಬರುತ್ತದೆ.

ಇನ್ನು ಮಶಿನ್ ವಿಷಯ. ಇದರ ಹೆಸರು ಟಿಎಂಎಸ್. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಮೊದಲು ತೋರಿಸಿದ ವಿಧಾನ. ತಲೆಯ ಮೇಲಿಟ್ಟ ಕಾಯಿಲ್‌ನಲ್ಲಿ ಕರೆಂಟ್ ಕ್ಷಣಮಾತ್ರ ಹರಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ತಲೆಬುರುಡೆ ದಾಟಿ ನರಕೋಶಗಳಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ. ನೀವು ಹೆದರಿರುವ ಕರೆಂಟ್ ಕೊಡುವ ಚಿಕಿತ್ಸೆ, ಅಂದರೆ ಇಸಿಟಿ, ಇದಲ್ಲ. ಅರಿವಳಿಕೆ ಇಲ್ಲ, ಬೇಕೆಂದೇ ಫಿಟ್ಸ್ ತರಿಸುವುದಿಲ್ಲ. ಎಚ್ಚರವಾಗಿಯೇ ಕೂತಿರುತ್ತೀರಿ. ಟಕಟಕ ಸದ್ದು ಜೋರು, ಅದಕ್ಕೆ ಕಿವಿಗೆ ಪ್ಲಗ್ ಕೊಡುತ್ತಾರೆ. ನೆತ್ತಿ ಸ್ವಲ್ಪ ನೋಯಬಹುದು, ತಲೆನೋವು ಬರಬಹುದು.

ಸಿಗರೇಟು ಬಿಡಿಸಲು ಆಳಕ್ಕೆ ತಲುಪುವ ಒಂದು ಬಗೆಯ ಕಾಯಿಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಗುರಿ, ಹಣೆಯ ಹಿಂದಿನ ಆ ಭಾಗ ಮತ್ತು ಒಳಗೆ ಅಡಗಿರುವ ಇನ್ಸುಲಾ ಎಂಬ ಮೆದುಳಿನ ಇನ್ನೊಂದು ಭಾಗ. ಪಾರ್ಶ್ವವಾಯುವಿನಂಥ ಕಾರಣದಿಂದ ಇನ್ಸುಲಾಗೆ ಪೆಟ್ಟಾದ ಕೆಲವರು, ಸೇದಬೇಕೆಂಬ ಆಸೆಯನ್ನೇ ಕಳೆದುಕೊಂಡು ಸುಲಭವಾಗಿ ಬಿಟ್ಟಿದ್ದು 2007ರಲ್ಲೇ ವರದಿಯಾಗಿತ್ತು.

ಒಪ್ಪಿಗೆಗೆ ಕಾರಣವಾದ ಪ್ರಯೋಗದಲ್ಲಿ 262 ಜನ ಇದ್ದರು. ಮೂರು ವಾರ ವಾರಕ್ಕೆ ಐದು ದಿನ, ಆಮೇಲೆ ಮೂರು ವಾರ ವಾರಕ್ಕೊಮ್ಮೆ. ಪ್ರತಿ ಸಲವೂ ಮೊದಲು ಬೇಕೆಂದೇ ಸಿಗರೇಟು ನೆನಪಿಸಿ ತುಡಿತ ಎಬ್ಬಿಸಿ, ನಂತರ ಮಶಿನ್ ಹಚ್ಚುತ್ತಿದ್ದರು. 18ನೇ ವಾರದವರೆಗೆ ನೋಡಿದಾಗ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ 19.4 ಮಂದಿ ಬಿಟ್ಟಿದ್ದರು. ಸುಮ್ನೆ ಸದ್ದು ಮಾಡುವ ಸುಳ್ಳು ಕಾಯಿಲ್ ಹಾಕಿಸಿಕೊಂಡವರಲ್ಲಿ ಶೇ 8.7. ಎರಡು ಪಟ್ಟಿಗಿಂತ ಹೆಚ್ಚು, ಒಳ್ಳೆಯದೇ. ಆದರೆ ಐದು ಜನರಲ್ಲಿ ನಾಲ್ವರಿಗೆ ಕೆಲಸ ಮಾಡಲಿಲ್ಲ ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

ಹಾಗಾಗಿ ನಿಮಗೆ ಇದು ಮೊದಲ ಮೆಟ್ಟಿಲಲ್ಲ. ವರೆನಿಕ್ಲಿನ್ ಮಾತ್ರೆ, ನಿಕೋಟಿನ್ ಗಮ್, ಜೊತೆಗೆ ಕೌನ್ಸೆಲಿಂಗ್ – ಇವಕ್ಕೆ ಪುರಾವೆ ಬಹಳ ಗಟ್ಟಿ, ಖರ್ಚೂ ಕಡಿಮೆ. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆ ಸಿಗುತ್ತದೆ. 1800-112-356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಜೊತೆಗೆ ಮೊದಲ ಕೆಲವು ವಾರ ಟೀ ಅಂಗಡಿಯ ದಾರಿ ಬದಲಿಸಿ, ಜೇಬಿನಲ್ಲಿ ಲೈಟರ್ ಇಟ್ಟುಕೊಳ್ಳಬೇಡಿ. ಇದು ಸಣ್ಣ ಉಪಾಯ ಎನ್ನಬೇಡಿ. ಮಾಂಟ್ರಿಯಲ್‌ನವರು ನೋಡಿದ ಲೆಕ್ಕವನ್ನೇ ನೀವು ಹೊರಗಿನಿಂದ ಬದಲಿಸುತ್ತಿದ್ದೀರಿ.

ಇದೆಲ್ಲ ಮಾಡಿಯೂ ಆಗದಿದ್ದರೆ ಟಿಎಂಎಸ್ ಯೋಚಿಸಿ. ಯಾವ ಕಾಯಿಲ್ ಬಳಸುತ್ತೀರಿ, ಚಿಕಿತ್ಸೆಗೆ ಮೊದಲು ತುಡಿತ ಎಬ್ಬಿಸುತ್ತೀರಾ ಎಂದು ಕೇಳಿ. ಖಿನ್ನತೆಗೆ ಸಾಮಾನ್ಯವಾಗಿ ಬಳಸುವ ಎಂಟರ ಆಕಾರದ ಕಾಯಿಲ್ ಇನ್ಸುಲಾದಷ್ಟು ಆಳಕ್ಕೆ ಹೋಗುವುದಿಲ್ಲ. ಮೇಲಿನ ಅಂಕಿ ಅದಕ್ಕೆ ಅನ್ವಯಿಸದು. ಒಟ್ಟು 18 ಸಲ ಹೋಗಿಬರಬೇಕು ಎಂಬುದೂ ನೆನಪಿರಲಿ – ವೈಟ್‌ಫೀಲ್ಡ್ ಟ್ರಾಫಿಕ್‌ನಲ್ಲಿ!

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಅವರು ಮ್ಯಾಗ್ನೆಟ್ ಚಿಕಿತ್ಸೆ ತಗೊಳ್ಳಬಹುದಾ? – ರಾಜಾಜಿನಗರದ ಓದುಗರು

ಉತ್ತರ: ನರರೋಗ ತಜ್ಞರಿಗೆ ತೋರಿಸದೆ ಬೇಡಮ್ಮ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಹಿಂದೆ ಬಂದವರಿಗೆ ಅಪಾಯ ಜಾಸ್ತಿ. ಸಿಗರೇಟು ಬಿಡಲು ಕೊಡುವ ಬುಪ್ರೊಪಿಯಾನ್ ಮಾತ್ರೆಗೂ ಇದೇ ತೊಂದರೆ. ಅದನ್ನು ಕೊಡುವ ಮೊದಲೇ ವೈದ್ಯರಿಗೆ ಫಿಟ್ಸ್ ವಿಷಯ ತಿಳಿಸಿ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರಿಗಂತೂ ಈ ಚಿಕಿತ್ಸೆ ಬೇಡ. ಪೇಸ್‌ಮೇಕರ್ ಇದ್ದರೂ ಮೊದಲೇ ಹೇಳಬೇಕು.

ಪ್ರಶ್ನೆ: ಸಿಗರೇಟು ಬಿಟ್ಟು ವಾರವಾಯಿತು. ಅದೇ ಕಾಫಿ, ಅದೇ ನಾಲ್ಕು ಲೋಟ. ಈಗ ಎದೆ ಡವಡವ, ನಿದ್ದೆ ಇಲ್ಲ. ಇದು ನಿಕೋಟಿನ್ ಬಿಟ್ಟಿದ್ದಕ್ಕಾ? – ಬಸವನಗುಡಿಯ ಓದುಗರು

ಉತ್ತರ: ಸ್ವಲ್ಪ ಅದೂ ಇರಬಹುದು. ಆದರೆ ನನ್ನ ಅನುಮಾನ ನಿಮ್ಮ ಫಿಲ್ಟರ್ ಕಾಫಿ ಮೇಲೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರ್‌ನ ಒಂದು ಕಿಣ್ವವನ್ನು ಚುರುಕಾಗಿಸುತ್ತವೆ. ಕೆಫೀನ್ ಕರಗಿಸುವುದು ಅದೇ. ಹೊಗೆ ನಿಂತರೆ ಕಿಣ್ವ ನಿಧಾನವಾಗುತ್ತದೆ, ಕುಡಿದ ಕೆಫೀನ್ ಹೆಚ್ಚು ಹೊತ್ತು ರಕ್ತದಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿ, ಸಂಜೆಯ ಲೋಟ ಬಿಡಿ. ಎದೆಬಡಿತ ಆಗಲೂ ಇಳಿಯದಿದ್ದರೆ ಇಸಿಜಿ ಮಾಡಿಸಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಿಕೋಟಿನ್ ಗಮ್ ಹಾಕುತ್ತಿದ್ದರೆ ಕಾಫಿಗೂ ಗಮ್‌ಗೂ ನಡುವೆ ಕಾಲು ಗಂಟೆ ಇರಲಿ. ಕಾಫಿ ಕುಡಿದ ಬಾಯಲ್ಲಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಸ್ತಮಾಕ್ಕೆ ಥಿಯೋಫಿಲಿನ್ ತಗೊಳ್ಳುತ್ತಿದ್ದರೆ ಸಿಗರೇಟು ಬಿಟ್ಟ ವಿಷಯವನ್ನು ವೈದ್ಯರಿಗೆ ಇವತ್ತೇ ಹೇಳಿ. ಆ ಔಷಧವನ್ನೂ ಇದೇ ಕಿಣ್ವ ಕರಗಿಸುವುದರಿಂದ ಡೋಸ್ ಇಳಿಸಬೇಕಾಗಬಹುದು.