ಹವ್ಯಾಸಿ ಚೆಸ್ ಆಟಗಾರರಿಗೆ ಹೊಸ ಪಾಠ ಎಲ್ಲಿಂದ ಶುರು ಮಾಡಬೇಕು?

ಆಟದ ಕೊನೆಯಿಂದ ಶುರು ಮಾಡಿ, ಮೂರೇ ಕಾಯಿ ಇಟ್ಟು. 32 ಕಾಯಿ ಇದ್ದಾಗ ಎಲ್ಲಿ ಎಡವಿದೆವು ಅಂತ ಗೊತ್ತೇ ಆಗುವುದಿಲ್ಲ. ಮೂರೇ ಇದ್ದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ತುಮಕೂರಿನ ನಮ್ಮ ಮನೆಯ ಜಗಲಿಗೆ ಭಾನುವಾರ ಬರುವ ಮಕ್ಕಳಿಗೆ ನಾನು ಕೊಡುವ ಮೊದಲ ಪಾಠ ಇದು: ಬಿಳಿ ರಾಜ ಇ5 (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಐದನೇ ಸಾಲು, ಅದರಲ್ಲಿ ಕೆಳಗಿನಿಂದ ಐದನೇ ಮನೆ), ಅದರ ಹಿಂದೆ ಕಾಲಾಳು ಇ4, ಎದುರಿಗೆ ಕಪ್ಪು ರಾಜ ಇ7. ಇಬ್ಬರೂ ಸರಿಯಾಗಿ ಆಡಿದರೆ, ಈಗ ನಡೆ ಕಪ್ಪಿನದಾದರೆ ಬಿಳಿಗೆ ಗೆಲುವು. ಬಿಳಿಯದಾದರೆ ಡ್ರಾ. ಕಾಯಿ ಅದೇ, ಮನೆ ಅದೇ! ಯಾಕೆಂದರೆ ಎದುರುಬದುರು ನಿಂತ ರಾಜರಲ್ಲಿ ಮೊದಲು ನಡೆಯಬೇಕಾದವನು ದಾರಿ ಬಿಡಲೇಬೇಕು. ಚೆಸ್‌ನಲ್ಲಿ ಪಾಸ್ ಅನ್ನುವ ಹಾಗಿಲ್ಲ, ಅಲ್ವಾ?

ಸುಮ್ನೆ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಬಣ್ಣ ಬದಲಿಸಿ ಹತ್ತು ಸಲ ಆಡಿಸಿ. ಆಮೇಲೆ ತಾವೇ ಸೋತ ಆಟ ತರಲಿ, ಎದುರಾಳಿಯ ಪ್ರತಿ ನಡೆಯ ಉದ್ದೇಶ ಬಾಯಿಬಿಟ್ಟು ಹೇಳಲಿ.