ಸಂಪಾದಕರ ಉತ್ತರ: ಯಾರು ಕೆತ್ತಿದರು, ಯಾವಾಗ, ಯಾಕೆ?

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: "ಮಸ್ಕಿ ಶಾಸನ ಅಶೋಕನದೇ ಎಂದು ಹೋದ ಸಂಚಿಕೆಯಲ್ಲಿ ಖಡಾಖಂಡಿತವಾಗಿ ಬರೆದಿದ್ದೀರಿ. ನೀವು ಆಗ ಅಲ್ಲಿದ್ದಿರಾ? ಕಣ್ಣು ಮೋಸ ಮಾಡುತ್ತದೆ, ಪುಸ್ತಕ ತಪ್ಪು ಹೇಳುತ್ತದೆ. ಯಾವುದೂ ಖಚಿತವಾಗಿ ಗೊತ್ತಾಗಲ್ಲ ಅಂದಮೇಲೆ ಎಲ್ಲವೂ ಬರೀ ನಂಬಿಕೆಯೇ ಅಲ್ವಾ?"

ಮಿತ್ರರೇ,

ನಾನು ಅಲ್ಲಿರಲಿಲ್ಲ. ಕಣ್ಣು ಮೋಸ ಮಾಡುವುದೂ ಖರೆ. ಮೊನ್ನೆ ಕಚೇರಿಗೆ ಕೀಲಿ ಹಾಕಿದ್ದೇನೆ ಎಂದು ಆಣೆ ಮಾಡಿ ಹೇಳುವಷ್ಟು ಖಾತ್ರಿ ನನಗಿತ್ತು. ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆಗೆಂದು ಬ್ಯಾಗಿಗೆ ಕೈ ಹಾಕಿದರೆ ಕೀಲಿಯೇ ಅದರೊಳಗಿತ್ತು! ಖಾತ್ರಿ ಅನ್ನಿಸುವುದು ಬೇರೆ, ಗೊತ್ತಿರುವುದು ಬೇರೆ. ಇಲ್ಲಿಯವರೆಗೆ ನಿಮ್ಮ ಜೊತೆ ನಾನೂ ಬರುತ್ತೇನೆ.

ಆದರೆ ನನ್ನ ತಪ್ಪು ನನಗೆ ಗೊತ್ತಾದದ್ದು ಹೇಗೆ? ಅದೇ ಕಣ್ಣು, ಅದೇ ಕೈಯಿಂದ. ತಪ್ಪೆಂದು ತಿಳಿಯುವುದೂ ಒಂದು ತಿಳಿವಳಿಕೆಯೇ.

ಅಕ್ಕಸಾಲಿಗರ ಅಂಗಡಿಯಲ್ಲಿ ಕೂತು ನೋಡಿ. ಬಳೆಯ ಮೇಲೆ ಅನುಮಾನ ಬಂದರೆ ಒರೆಗಲ್ಲಿಗೆ ತಿಕ್ಕುತ್ತಾರೆ. ಗೆರೆ ಬೀಳುತ್ತದೆ. ಪಕ್ಕದಲ್ಲೇ ಗುಣ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ. ಎರಡರ ಮೇಲೂ ಆಸಿಡ್ ಹಚ್ಚಿ, ಯಾವುದು ಮಾಸುತ್ತದೆ ಎಂದು ನೋಡುತ್ತಾರೆ. ಒರೆಗಲ್ಲಿನ ಮೇಲೂ ಅನುಮಾನ ಬರಬಹುದು. ಆಗ ಗೊತ್ತಿರುವ ಚಿನ್ನದಿಂದ ಕಲ್ಲನ್ನೇ ಪರೀಕ್ಷಿಸಬೇಕು. ಬಳೆ, ಕಲ್ಲು, ಆಸಿಡ್, ಕಣ್ಣು ಎಲ್ಲದರ ಮೇಲೂ ಒಟ್ಟಿಗೇ ಅನುಮಾನಪಟ್ಟರೆ ಪರೀಕ್ಷೆಯೂ ಇಲ್ಲ, ವ್ಯಾಪಾರವೂ ಇಲ್ಲ.

ಈಗ ಮಸ್ಕಿಗೆ ಬರೋಣ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕ ಹೆಸರು "ದೇವಾನಾಂಪಿಯ ಪಿಯದಸಿ" ಮಾತ್ರ. ಅವರು ಮೊದಲು ಇವನನ್ನು ಸಿಂಹಳದ ರಾಜ ಎಂದುಕೊಂಡರು. ತಪ್ಪು. ಸಿಂಹಳದಲ್ಲೇ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಳಿ ಗ್ರಂಥ ತೆಗೆದು, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತೋರಿಸಿದರು. ಒಳ್ಳೆಯ ಊಹೆ, ಆದರೂ ಊಹೆಯೇ. 78 ವರ್ಷ ಹಾಗೇ ನಡೆಯಿತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಬಂಡೆ ಸಿಕ್ಕಿತು. ಅದರಲ್ಲಿ "ಅಸೋಕಸ" ಎಂದೇ ಇದೆ. ಚಿನ್ನ ಹುಡುಕುವವರ ಕೈಗೇ ಈ ಒರೆಗಲ್ಲು ಸಿಗಬೇಕೇ! ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂಗಳಲ್ಲೂ ಅದೇ ಹೆಸರು ಬಂತು. (ನಮ್ಮ ಕೊಪ್ಪಳದ ಗವಿಮಠದ ಶಾಸನದಲ್ಲಿ ಇಲ್ಲ. ನಮಗೆ ಸ್ವಲ್ಪ ಹೊಟ್ಟೆಕಿಚ್ಚು.)

ಯಾರೋ ಆಮೇಲೆ ಕೆತ್ತಿರಬಾರದೇಕೆ ಎನ್ನುತ್ತೀರಿ. ಆಗಲಿ. ಯಾರು? ಯಾವಾಗ? ಯಾಕೆ? ಆ ಲಿಪಿ ಓದುವವರೇ ನೂರಾರು ವರ್ಷ ಇರಲಿಲ್ಲ. ಊರೂರಿನ ಬಂಡೆಗಳಲ್ಲಿ ಅದೇ ಭಾಷೆ, ಅದೇ ಅಕ್ಷರ ಹೇಗೆ ಬಂತು? ಸಾಕ್ಷಿ ಕೇಳುವ ಹಕ್ಕು ನಿಮಗಿದ್ದಷ್ಟೇ, ಅನುಮಾನಕ್ಕೆ ಕಾರಣ ಕೇಳುವ ಹಕ್ಕು ನನಗೂ ಇದೆ. ಕಾರಣ ಕೊಟ್ಟರೆ ತಿದ್ದುಪಡಿಯನ್ನು ಮುಖಪುಟದಲ್ಲೇ ಹಾಕುತ್ತೇನೆ. "ಹೀಗೂ ಇರಬಹುದಲ್ಲ" ಎಂಬುದು ಸುಮ್ನೆ ಮಾತು. ಇದೆಲ್ಲ ಕನಸಾಗಿರಲೂಬಹುದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕನಸು ಎಂದುಕೊಂಡರೆ ಮಸ್ಕಿಯ ಬಗ್ಗೆ ಒಂದಕ್ಷರವೂ ಹೆಚ್ಚಿಗೆ ತಿಳಿಯುವುದಿಲ್ಲ.

ಮಿಥಿಲೆಯ ನ್ಯಾಯದರ್ಶನದ, ಅಂದರೆ ತರ್ಕಶಾಸ್ತ್ರದ, ಪಂಡಿತ ಉದಯನ ಸಾವಿರ ವರ್ಷದ ಹಿಂದೆಯೇ ಇಂಥ ಅನುಮಾನಕ್ಕೆ ಗಡಿ ಹಾಕಿದ್ದ: ನಾವು ಮಾಡುವ ಕೆಲಸಕ್ಕೇ ಅಡ್ಡ ಬಂದಲ್ಲಿ ಅನುಮಾನ ನಿಲ್ಲುತ್ತದೆ. ಆಮೇಲೆ ಬಂದ ಗಂಗೇಶ ಬಿಡಿಸಿ ಕೇಳಿದ: ಅನುಮಾನಪಡುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಯಾಕೆ ಹಚ್ಚುತ್ತಾನೆ? ಹಸಿದಾಗ ಊಟಕ್ಕೇ ಯಾಕೆ ಕೂರುತ್ತಾನೆ? ಇನ್ನೊಬ್ಬರಿಗೆ ಹೇಳಬೇಕಾದಾಗ ಮಾತನ್ನೇ ಯಾಕೆ ಆಡುತ್ತಾನೆ?

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಪಿನ್ ಕೋಡ್ ಸರಿಯಾಗಿತ್ತು, ಸ್ಟಾಂಪೂ ಸರಿಯಿತ್ತು. ಜೊತೆಗಿಟ್ಟ ವರ್ಷದ ಚಂದಾ ತಲುಪಿದೆ. ರಸೀದಿ ಕಳಿಸಿದ್ದೇವೆ, ಹೆಸರಿನ ಕಾಗುಣಿತ ಒಮ್ಮೆ ನೋಡಿಕೊಳ್ಳಿ.