ನೀರಿನ ಕಿಟ್ ಹಾಕಿಸಿದರೆ ಡೀಸೆಲ್ ಉಳಿದೀತೇ?

ಪ್ರಶ್ನೆ: ಕಾಫಿ ಮೂಟೆ ಸಾಗಿಸುವ ನನ್ನ ಪಿಕಪ್‌ಗೆ ನೀರಿನಿಂದ ಹೈಡ್ರೋಜನ್ ತೆಗೆಯುವ ಕಿಟ್ ಹಾಕಿಸಲೇ? – ಓದುಗರು, ಸಕಲೇಶಪುರ

ಉತ್ತರ: ದಯವಿಟ್ಟು ಬೇಡ. 12 ವೋಲ್ಟ್‌ಗೆ ಜೋಡಿಸಿದ 6 ಸೆಲ್‌ಗಳ (ಕರೆಂಟಿನಿಂದ ನೀರನ್ನು ಒಡೆಯುವ ಕೋಶಗಳ) ಕಿಟ್ 20 ಆಂಪಿಯರ್ ಎಳೆದರೆ ಗಂಟೆಗೆ ಸಿಗುವುದು ಹೆಚ್ಚೆಂದರೆ ನಾಲ್ಕೂವರೆ ಗ್ರಾಂ ಹೈಡ್ರೋಜನ್. ಅದರ ಶಕ್ತಿ ಸುಮಾರು 15 ಮಿಲಿಲೀಟರ್ ಡೀಸೆಲ್‌ಗೆ ಸಮ, ಅಂದರೆ ಒಂದು ದೊಡ್ಡ ಚಮಚ! ಆ ಕರೆಂಟಿಗಾಗಿ ಆಲ್ಟರ್ನೇಟರ್ ತಿರುಗಿಸಲು ಎಂಜಿನ್ ಇದರ ಹಲವು ಪಟ್ಟು ಡೀಸೆಲ್ ಸುಡುತ್ತದೆ.

ಅಪಾಯವೂ ಇದೆ. ನೀರಿನಲ್ಲಿ ಕರೆಂಟ್ ಹರಿಯಲೆಂದು ಸೆಲ್ಲಿಗೆ ಹಾಕುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹನಿಯಾಗಿ ಗಾಳಿಯ ಕೊಳವೆ ಸೇರಿದರೆ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಶಿರಾಡಿ ಘಾಟಿಯ ಕುಲುಕಾಟಕ್ಕೆ ಬಬ್ಲರ್‌ನ (ಬೆಂಕಿ ಸೆಲ್ಲಿನತ್ತ ಹಾರದಂತೆ ತಡೆಯುವ ನೀರಿನ ಡಬ್ಬಿಯ) ನೀರು ತಗ್ಗಿದರೆ ಬೆಂಕಿ ಹಿಂದಕ್ಕೆ ಹಾರಿ ಸೆಲ್ ಸಿಡಿಯಬಹುದು. ಆ ಹಣದಲ್ಲಿ ಏರ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಪರೀಕ್ಷಿಸಿ.